ಸಾಲ ಮಾಡಿಸುವ ಕೆಲಸದಿಂದ ಫಂಡ್ ಕಡೆಗೆ: ಕಲಿಯಬೇಕಾದ್ದು ಕಾಲದ ಲೆಕ್ಕ

ತುಮಕೂರಿನಲ್ಲಿ ಬಿಲ್ಡರ್‌ಗಳಿಗೆ, ಗೋದಾಮು ಕಟ್ಟುವವರಿಗೆ ಪ್ರಾಜೆಕ್ಟ್ ಲೋನ್ ಮಾಡಿಸಿಕೊಡುವ ಯುವಕ ಯುವತಿಯರು ನನ್ನನ್ನು ಮತ್ತೆ ಮತ್ತೆ ಕೇಳುತ್ತಾರೆ: "ಮೇಡಂ, ನಾವು ರಿಯಲ್ ಎಸ್ಟೇಟ್ ಫಂಡ್ ಕಡೆ ಬರಬಹುದಾ?"

ಖಂಡಿತ ಬರಬಹುದು. ನಾನು ಹೇಳುವ ಫಂಡ್ ಅಂದರೆ ಹೂಡಿಕೆದಾರರ ದುಡ್ಡನ್ನು ಒಟ್ಟುಗೂಡಿಸಿ, ಸಾಲವಾಗಿ ಅಲ್ಲ, ಪಾಲಾಗಿ ಪ್ರಾಜೆಕ್ಟ್‌ಗೆ ಹಾಕುವ ಸಂಸ್ಥೆ. ಸಿಎಂಎ ಡೇಟಾ, ಅಂದರೆ ಸಾಲಕ್ಕಾಗಿ ಬ್ಯಾಂಕಿಗೆ ಕೊಡುವ ಹಣಕಾಸಿನ ಲೆಕ್ಕ ಮತ್ತು ಅಂದಾಜು, ತಯಾರಿಸುವುದು ನಿಮಗೆ ಗೊತ್ತು. ಬಿಲ್ಡರ್ ಹೇಳಿದ್ದರಲ್ಲಿ ನಿಜ ಎಷ್ಟು ಅಂತ ಅಂದಾಜು ಮಾಡುವುದೂ ಗೊತ್ತು. ಕಾಲೇಜು ಮುಗಿಸಿ ನೇರವಾಗಿ ಬರುವವರ ಹತ್ತಿರ ಇದು ಇರುವುದಿಲ್ಲ. ಆದರೆ ನೀವು ನೋಡುವ ದಿಕ್ಕು ಬದಲಾಗಬೇಕು.

ಪ್ರಾಜೆಕ್ಟ್ ತಡವಾದರೂ ಸಾಲ ಕೊಟ್ಟವರಿಗೆ ಬಡ್ಡಿ ಏರುತ್ತಲೇ ಇರುತ್ತದೆ. ಕೈಯಲ್ಲಿ ಅಡಮಾನ ಇದೆ, ಗ್ಯಾರಂಟಿ ಇದೆ. ಫಂಡ್‌ನಂತೆ ಪಾಲು ಹಾಕಿದವರಿಗೆ ಆ ಆಸರೆ ಇಲ್ಲ. ಬ್ಯಾಂಕಿನದು ತೀರಿದ ಮೇಲೆ ಉಳಿದದ್ದು ಅವರದು, ಅಷ್ಟೇ. ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಹತ್ತಿರ ಒಂದು ಗೋದಾಮಿಗೆ ಫಂಡ್ 10 ಕೋಟಿ ಹಾಕಿತು ಅಂದುಕೊಳ್ಳಿ. 4 ವರ್ಷಕ್ಕೆ 20 ಕೋಟಿ ಬಂದರೆ ವರ್ಷಕ್ಕೆ ಸುಮಾರು ಶೇ 19ರ ಗಳಿಕೆ. ಅದೇ 20 ಕೋಟಿ 6 ವರ್ಷಕ್ಕೆ ಬಂದರೆ ಶೇ 12ರ ಆಸುಪಾಸು. ಒಂದು ರೂಪಾಯಿಯೂ ಕಡಿಮೆ ಬಂದಿಲ್ಲ, ಆದರೂ ಗಳಿಕೆ ಮೂರನೇ ಒಂದು ಭಾಗದಷ್ಟು ಕುಸಿಯಿತು. ನಿಜ ಜೀವನದಲ್ಲಿ ಆ 2 ವರ್ಷದ ಬ್ಯಾಂಕ್ ಬಡ್ಡಿಯೂ ಇದೇ ಪಾಲಿನಿಂದ ಹೋಗುತ್ತದೆ, ಹಾಗಾಗಿ 20 ಕೋಟಿಯೂ ಉಳಿಯುವುದಿಲ್ಲ. ಕರೆಂಟ್ ಕನೆಕ್ಷನ್ ತಡವಾಯಿತು, ಬಾಡಿಗೆಗೆ ಬರುತ್ತೇವೆ ಎಂದವರು ಹಿಂದೆ ಸರಿದರು ಎಂಬ ಸುದ್ದಿ ಸಾಲದ ಫೈಲಿನಲ್ಲಿ ಒಂದು ಷರಾ ಆಗಬಹುದು. ಫಂಡ್‌ಗೆ ಅದೇ ನಷ್ಟ.

ಇನ್ನೊಂದು ವಿಷಯ ಜಮೀನು. ಖಾಸಗಿ ಬಿಲ್ಡರ್ ಜಾಗ ಕೊಳ್ಳುವುದಕ್ಕೆ ಬ್ಯಾಂಕ್ ಸಾಲ ಕೊಡಬಾರದು ಎಂಬುದು ರಿಸರ್ವ್ ಬ್ಯಾಂಕಿನ ಬಹುಕಾಲದ ನಿಲುವು. ಹಾಗಾಗಿ ನಿಮ್ಮ ಕೈಗೆ ಫೈಲ್ ಬರುವಾಗ ಸಾಮಾನ್ಯವಾಗಿ ಜಾಗದ ವ್ಯವಹಾರ ಮುಗಿದಿರುತ್ತದೆ, ಅಲ್ವಾ? ಫಂಡ್ ಎಷ್ಟೋ ಸಲ ಅದಕ್ಕಿಂತ ಮೊದಲೇ ಕಾಲಿಡುತ್ತದೆ. ಆಗ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ ದಾಖಲೆ), ಇಸಿ (ಋಣಭಾರ ಪತ್ರ) ಮೂರನ್ನು ನೋಡಿದರೆ ಸಾಲದು. ಮೂಲ ಮಂಜೂರಾತಿ ಕಾಗದದವರೆಗೂ ಹೋಗಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಮಾರಿದ್ದರೆ, 1978ರ ಪಿಟಿಸಿಎಲ್ ಕಾಯ್ದೆಯಡಿ (ಇಂಥ ಜಮೀನುಗಳ ಪರಭಾರೆ ನಿಷೇಧಿಸುವ ಕರ್ನಾಟಕದ ಕಾಯ್ದೆ) ಆ ಮಾರಾಟ ಅಸಿಂಧು. 2023ರ ತಿದ್ದುಪಡಿ ಬಂದ ಮೇಲೆ ಜಮೀನು ವಾಪಸ್ ಕೇಳುವುದಕ್ಕೆ ಕಾಯ್ದೆಯಲ್ಲಿ ಕಾಲಮಿತಿಯೂ ಇಲ್ಲ. ಬಡವರ ಜಮೀನು ಕೈತಪ್ಪದಿರಲಿ ಎಂದು ಮಾಡಿದ ಕಾನೂನು ಇದು. ನನಗೆ ಅದರ ಬಗ್ಗೆ ಗೌರವವಿದೆ. ಅಂಥ ಜಮೀನನ್ನು ಗುರುತಿಸಿ "ಇದು ಬೇಡ" ಅನ್ನುವುದು ನಿಮ್ಮ ಕೆಲಸ. ಕಮಿಷನ್ ಕೆಲಸದಲ್ಲಿ "ಬೇಡ" ಅಂದರೆ ಆ ತಿಂಗಳ ದುಡ್ಡು ಹೋಯಿತು. ಇಲ್ಲಿ ಅದಕ್ಕೇ ಸಂಬಳ.

ಸಂಬಳದ ವಿಷಯಕ್ಕೆ ಬಂದರೆ, ಮೊದಲ ವರ್ಷಗಳಲ್ಲಿ ಕೈಗೆ ಬರುವುದು ಕಡಿಮೆಯಾಗಬಹುದು. ಇಂಥ ಫಂಡ್‌ಗಳು ಹೆಚ್ಚಾಗಿ ಷೇರುಪೇಟೆ ನಿಯಂತ್ರಕ ಸೆಬಿಯ 2012ರ ಎಐಎಫ್ (ಪರ್ಯಾಯ ಹೂಡಿಕೆ ನಿಧಿ) ನಿಯಮಗಳ ಎರಡನೇ ಕೆಟಗರಿಯಲ್ಲಿ ಬರುತ್ತವೆ. ಸಾಮಾನ್ಯವಾಗಿ ಒಬ್ಬ ಹೂಡಿಕೆದಾರ ಕನಿಷ್ಠ 1 ಕೋಟಿ ಹಾಕಬೇಕು. ಹೂಡಿಕೆದಾರರಿಗೆ ಒಪ್ಪಿದ ಗಳಿಕೆ ಸೇರಿದ ನಂತರವೇ ಲಾಭದಲ್ಲಿ ತಂಡಕ್ಕೆ ಪಾಲು. ಅದು ವರ್ಷಗಟ್ಟಲೆ ಆಗುತ್ತದೆ. ಮನೆ ಸಾಲದ ಇಎಂಐ ಇದ್ದರೆ ಈ ಲೆಕ್ಕವನ್ನು ಮನೆಯವರ ಜೊತೆ ಕೂತು ಮೊದಲೇ ಹಾಕಿ.

ಇಂಟರ್‌ವ್ಯೂಗೆ ಮುಂಚೆ, ನೀವೇ ಸಾಲ ಮಾಡಿಸಿದ ಒಂದು ಪ್ರಾಜೆಕ್ಟ್ ತೆಗೆದುಕೊಳ್ಳಿ. ಬಿಲ್ಡರ್ ಹೆಸರು, ಗುರುತು ತೆಗೆದುಬಿಡಿ. ಬ್ಯಾಂಕಿನ ಕಂತು ತೀರುತ್ತದೆಯೇ ಎಂಬ ಪ್ರಶ್ನೆ ಬಿಟ್ಟು, ನಿಮ್ಮ ಅಪ್ಪನ ಜಮೀನು ಮಾರಿದ ದುಡ್ಡನ್ನು ಅದರಲ್ಲಿ ಪಾಲಾಗಿ ಹಾಕುತ್ತೀರಾ ಅಂತ ಬರೆಯಿರಿ. ಎರಡು ಪುಟ ಸಾಕು. ಒಂದು ವರ್ಷ ತಡವಾದರೆ, ಬಾಡಿಗೆ ಶೇ 10 ಇಳಿದರೆ ಏನಾಗುತ್ತದೆ ಎಂಬ ಲೆಕ್ಕವೂ ಅದರಲ್ಲಿ ಇರಲಿ. ನಾನಂತೂ ಬಯೋಡೇಟಾಗಿಂತ ಮೊದಲು ಆ ಎರಡು ಪುಟ ಓದುತ್ತೇನೆ.