ರಿಜಿಸ್ಟರಿನಲ್ಲಿರುವುದು ಬರೀ ಅಂಕಿ

ಕಾರ್ಖಾನೆಯ ಯಂತ್ರದ ಮಗ್ಗುಲಲ್ಲಿ ಕೂರಿಸಿದ ಪುಟ್ಟ ಪರದೆ 185.4 ಡಿಗ್ರಿ ಸೆಲ್ಸಿಯಸ್ ಎಂದು ತೋರಿಸುತ್ತಿದ್ದರೆ, ಆ ಉಷ್ಣಾಂಶವನ್ನು ಅಳೆದದ್ದು ಪರದೆಯಲ್ಲ. ಅಳತೆ ತಲುಪುವುದು ಯಂತ್ರವನ್ನು ನಡೆಸುವ ಪಿಎಲ್‌ಸಿ ಎಂಬ ನಿಯಂತ್ರಕ ಕಂಪ್ಯೂಟರಿಗೆ. ಎಚ್‌ಎಂಐ ಎಂದು ಕರೆಯುವ ಪರದೆ ಅದನ್ನು ಮತ್ತೆ ಮತ್ತೆ ಕೇಳಿ ತಿಳಿದುಕೊಳ್ಳುತ್ತದೆ. ಹೀಗೆ ಕೇಳುವುದಕ್ಕೂ ಉತ್ತರಿಸುವುದಕ್ಕೂ ಇರುವ ನಿಯಮಾವಳಿಗಳಲ್ಲಿ ಹಳೆಯದೂ ಇಂದಿಗೂ ವ್ಯಾಪಕ ಬಳಕೆಯಲ್ಲಿರುವುದೂ ಮಾಡ್‌ಬಸ್. ಅಮೆರಿಕದ ಮಾಡಿಕಾನ್ ಕಂಪನಿ 1979ರಲ್ಲಿ ಇದನ್ನು ಪ್ರಕಟಿಸಿತು. ಇದು ಇಷ್ಟು ಕಾಲ ಬಾಳಿದ್ದಕ್ಕೆ ಇದರ ಸರಳತೆಯೇ ಕಾರಣ. ಇದು ಕೊಡುವ ಕಾಟಕ್ಕೂ ಅದೇ ಕಾರಣ.

ಮಾಡ್‌ಬಸ್‌ನ ರಿಜಿಸ್ಟರ್ ಎಂದರೆ 16 ಬಿಟ್‌ಗಳ ಒಂದು ಸ್ಥಾನ. ಅದರಲ್ಲಿ 0ಯಿಂದ 65,535ರವರೆಗಿನ ಒಂದು ಪೂರ್ಣಾಂಕ ಹಿಡಿಸುತ್ತದೆ, ಅಷ್ಟೇ. ದಶಮಾಂಶ ಚುಕ್ಕಿಯಾಗಲಿ, ಋಣಚಿಹ್ನೆಯಾಗಲಿ, ಡಿಗ್ರಿಯೋ ಕಿಲೋಗ್ರಾಮೋ ಎಂಬ ಸುಳಿವಾಗಲಿ ಅಲ್ಲಿ ಇರುವುದಿಲ್ಲ. ನಮ್ಮ 185.4 ಅಲ್ಲಿ 1854 ಆಗಿರುತ್ತದೆ. ಹತ್ತರಿಂದ ಭಾಗಿಸಬೇಕೆಂಬುದು ಪರದೆಯನ್ನು ಸಿದ್ಧಪಡಿಸಿದ ಎಂಜಿನಿಯರಿಗೆ ಮಾತ್ರ ಗೊತ್ತು.

ಈ ಅಂಕಿ ಕೈಪಿಡಿಯಲ್ಲಿ 40108 ಎಂದು ನಮೂದಾದ ರಿಜಿಸ್ಟರಿನಲ್ಲಿದೆ ಎಂದುಕೊಳ್ಳೋಣ. ಪರದೆ ತಂತಿಯ ಮೇಲೆ ಎಂಟು ಬೈಟ್‌ಗಳನ್ನು ಕಳುಹಿಸುತ್ತದೆ: 1, 3, 0, 107, 0, 1, ಅವುಗಳ ಹಿಂದೆ ತಪಾಸಣೆಯ ಎರಡು ಬೈಟ್‌ಗಳು. ಒಂದನೆಯ ವಿಳಾಸದ ಸಾಧನವೇ, 107ರಿಂದ ಆರಂಭಿಸಿ ಒಂದು ರಿಜಿಸ್ಟರನ್ನು ಓದಿ ಹೇಳು ಎಂಬುದು ಇದರ ತಾತ್ಪರ್ಯ; ಇಲ್ಲಿ 3 ಎಂದರೆ ಓದು ಎಂಬ ಆಜ್ಞೆ. ಪಿಎಲ್‌ಸಿ 1, 3, 2, 7, 62 ಎಂದು ಹೇಳಿ (2 ಎಂದರೆ ಮುಂದೆ ಬರುವ ಅಂಕಿಯ ಬೈಟ್‌ಗಳ ಎಣಿಕೆ), ತನ್ನ ಎರಡು ತಪಾಸಣಾ ಬೈಟ್‌ಗಳನ್ನೂ ಸೇರಿಸುತ್ತದೆ. ಏಳನ್ನು 256ರಿಂದ ಗುಣಿಸಿ 62 ಕೂಡಿದರೆ 1854 ಸಿಗುತ್ತದೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಆರಂಭ, ಅಂತ್ಯ ಮುಂತಾದ ಗುರುತಿನ ಬಿಟ್‌ಗಳೂ ಸೇರಿ ಬೈಟ್‌ಗೆ 11 ಬಿಟ್‌ನಂತೆ ಇಷ್ಟಕ್ಕೆ ಸುಮಾರು 17 ಮಿಲಿಸೆಕೆಂಡು ಹಿಡಿಯುತ್ತದೆ. ಐವತ್ತು ರಿಜಿಸ್ಟರುಗಳನ್ನು ಬಿಡಿಬಿಡಿಯಾಗಿ ಕೇಳಿದರೆ ತಂತಿಯ ಮೇಲೆಯೇ 860 ಮಿಲಿಸೆಕೆಂಡು ಕಳೆಯುತ್ತದೆ; ಅವು ಸಾಲಾಗಿದ್ದು ಒಟ್ಟಿಗೆ ಕೇಳಿದರೆ 130 ಸಾಕು. ಒಂದು ಕೋರಿಕೆಯಲ್ಲಿ 125ರವರೆಗೆ ಕೇಳಬಹುದು. ನಿಧಾನವಾಗಿ ಅಂಕಿ ಬದಲಿಸುವ ಪರದೆಗಳಲ್ಲಿ ದೋಷ ಅನೇಕ ವೇಳೆ ಯಂತ್ರದ್ದಲ್ಲ, ಚದುರಿದ ರಿಜಿಸ್ಟರುಗಳದ್ದು.

ಕೈಪಿಡಿಯ 40108ರಲ್ಲಿ ಮೊದಲ 4 ರಿಜಿಸ್ಟರಿನ ಬಗೆಯನ್ನು ಸೂಚಿಸುತ್ತದೆ; ಉಳಿದ 108 ತಂತಿಯ ಮೇಲೆ 107 ಆದದ್ದನ್ನು ಓದುಗರು ಗಮನಿಸಿರಬಹುದು. ಕೈಪಿಡಿ ಒಂದರಿಂದ ಎಣಿಸುತ್ತದೆ, ತಂತಿ ಸೊನ್ನೆಯಿಂದ. ಇದನ್ನು ಮರೆತವರಿಗೆ ಉಷ್ಣಾಂಶದ ಜಾಗದಲ್ಲಿ ಪಕ್ಕದ ರಿಜಿಸ್ಟರಿನ ಅಂಕಿ ಕಾಣಿಸುತ್ತದೆ. ತಪಾಸಣಾ ಬೈಟ್‌ಗಳು ಇಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ವಿದ್ಯುತ್ ಗದ್ದಲದಿಂದ ಕೆಟ್ಟ ಬಿಟ್ಟನ್ನು ಅವು ಹಿಡಿಯಬಲ್ಲವೇ ಹೊರತು ತಪ್ಪಾಗಿ ಕೇಳಿದ ಪ್ರಶ್ನೆಯನ್ನಲ್ಲ. 32 ಬಿಟ್‌ನ ದಶಮಾಂಶ ಸಂಖ್ಯೆಗಳಲ್ಲಿ ಗೋಜಲು ಇನ್ನೂ ಹೆಚ್ಚು. 100.0 ಎಂಬುದು 17096 ಮತ್ತು 0 ಎಂದು ಎರಡು ರಿಜಿಸ್ಟರುಗಳಲ್ಲಿ ಹಂಚಿಹೋಗುತ್ತದೆ. ಯಾವ ಅರ್ಧ ಮೊದಲು ಬರಬೇಕೆಂಬುದನ್ನು ನಿಯಮಾವಳಿ ಗೊತ್ತುಪಡಿಸಿಲ್ಲ, ತಯಾರಕರು ತಮಗೆ ತೋಚಿದಂತೆ ಜೋಡಿಸಿದ್ದಾರೆ. ಅದಲುಬದಲಾದರೆ ಪರದೆ ನೂರರ ಬದಲು 0.00 ತೋರಿಸುತ್ತದೆ. ಅಸಂಬದ್ಧ ಅಂಕಿ ಬಂದಿದ್ದರೆ ಯಾರಾದರೂ ಅನುಮಾನಿಸುತ್ತಿದ್ದರು. ಸೊನ್ನೆಯನ್ನು ನಂಬಿಬಿಡುವುದು ಸುಲಭ.

ಬರೆಯುವಾಗಲೂ ಎಚ್ಚರ ಬೇಕು. ನಿರ್ವಾಹಕ ಹೊಸ ಗುರಿ ಉಷ್ಣಾಂಶವನ್ನು ಒತ್ತಿದಾಗ ಪಿಎಲ್‌ಸಿ ಆ ಸಂದೇಶವನ್ನೇ ಮರಳಿಸಿ ಒಪ್ಪಿಗೆ ಸೂಚಿಸುತ್ತದೆ. ಆದರೆ ಅದರೊಳಗಿನ ಪ್ರೋಗ್ರಾಂ ಮರುಕ್ಷಣವೇ ಆ ಅಂಕಿಯನ್ನು ಅಳಿಸಿ ಬೇರೊಂದನ್ನು ಇಡಬಹುದು. ಆದ್ದರಿಂದ ಒತ್ತಿದ ಅಂಕಿಯನ್ನಲ್ಲ, ಮತ್ತೆ ಓದಿ ತಂದ ಅಂಕಿಯನ್ನೇ ತೋರಿಸುವುದು ಸರಿಯಾದ ಕ್ರಮ. ನಿಯಂತ್ರಣ ಕೊಠಡಿಯ ಕಂಪ್ಯೂಟರೂ ಅದೇ ರಿಜಿಸ್ಟರಿಗೆ ಬರೆಯುವಂತಿದ್ದರೆ ತೊಡಕು ಬೆಳೆಯುತ್ತದೆ. ಹಳೆಯ ಸರಣಿ ತಂತಿಯಲ್ಲಿ ಪ್ರಶ್ನೆ ಕೇಳುವ ಹಕ್ಕು ಒಬ್ಬರಿಗೆ ಮಾತ್ರ ಇತ್ತು. ಈಥರ್‌ನೆಟ್ ಮೇಲಿನ ಮಾಡ್‌ಬಸ್‌ನಲ್ಲಿ ಹಲವರು ಏಕಕಾಲಕ್ಕೆ ಕೇಳಬಹುದು, ಬರೆಯಬಹುದು. ಕೊನೆಗೆ ಬರೆದವರದ್ದೇ ಉಳಿಯುತ್ತದೆ, ಬರೆದವರು ಯಾರೆಂಬುದು ರಿಜಿಸ್ಟರಿನಲ್ಲಿ ದಾಖಲಾಗುವುದಿಲ್ಲ. ಹೀಗಾಗಿ ಅನುಭವಸ್ಥರು ಪರದೆಗೂ ಕಂಪ್ಯೂಟರಿಗೂ ಬೇರೆ ಬೇರೆ ರಿಜಿಸ್ಟರುಗಳನ್ನು ಮೀಸಲಿಟ್ಟು, ನಿಯಂತ್ರಣ ಯಂತ್ರದ ಬಳಿಯಿಂದಲೋ ದೂರದಿಂದಲೋ ಎಂದು ಆರಿಸುವ ಲೋಕಲ್-ರಿಮೋಟ್ ಸ್ವಿಚ್ಚಿನ ಸ್ಥಿತಿ ನೋಡಿ ಯಾವುದನ್ನು ಪಾಲಿಸಬೇಕೆಂಬ ತೀರ್ಮಾನವನ್ನು ಪಿಎಲ್‌ಸಿಗೇ ಬಿಡುತ್ತಾರೆ.