ಹೆಸಿಯೊಡನ ಗಿಡುಗ ಮತ್ತು ನೈಟಿಂಗೇಲ್: ನೀತಿಯನ್ನು ಹುಡುಕಬೇಕಾದ ಜಾಗ

ಗ್ರೀಕ್ ಸಾಹಿತ್ಯದಲ್ಲಿ ಇಂದಿಗೂ ಉಳಿದುಬಂದಿರುವ ಪ್ರಾಣಿಕಥೆಗಳಲ್ಲಿ ಅತ್ಯಂತ ಹಳೆಯದು ಈಸೋಪನ ಹೆಸರಿನಲ್ಲಿಲ್ಲ. ಅದು ಕ್ರಿ.ಪೂ. 700ರ ಸುಮಾರಿಗೆ ಬಿಯೋಷಿಯ ಪ್ರಾಂತ್ಯದ ಕವಿ ಹೆಸಿಯೊಡ್ ರಚಿಸಿದ ‘ಕೆಲಸಗಳು ಮತ್ತು ದಿನಗಳು’ ಕಾವ್ಯದ 202ರಿಂದ 212ನೆಯ ಸಾಲುಗಳಲ್ಲಿದೆ. ಆಸ್ತಿಯ ಪಾಲಿನ ವಿಷಯದಲ್ಲಿ ಹೆಸಿಯೊಡನಿಗೂ ಅವನ ಸಹೋದರ ಪರ್ಸೆಸ್‌ಗೂ ವ್ಯಾಜ್ಯವಿತ್ತು. ತೀರ್ಪು ಕೊಡುವ ಅರಸರನ್ನು ಕವಿ ‘ಕಾಣಿಕೆ ನುಂಗುವವರು’ ಎಂದು ಕರೆಯುತ್ತಾನೆ. ಈ ಹಿನ್ನೆಲೆಯಿಲ್ಲದೆ ಕಥೆ ಅರ್ಥವಾಗುವುದಿಲ್ಲ.

ಕಥೆ ಬಹಳ ಚಿಕ್ಕದು. ಗಿಡುಗವೊಂದು ಬಣ್ಣಬಣ್ಣದ ಕೊರಳಿನ ನೈಟಿಂಗೇಲ್ ಹಕ್ಕಿಯನ್ನು ಉಗುರುಗಳಲ್ಲಿ ಹಿಡಿದು ಮೋಡಗಳ ಎತ್ತರದಲ್ಲಿ ಒಯ್ಯುತ್ತಿದೆ. ಬಾಗಿದ ಉಗುರು ನಾಟಿ ಹಕ್ಕಿ ಗೋಳಿಡುವಾಗ ಗಿಡುಗ ಹೇಳುತ್ತದೆ: ಏಕೆ ಕೂಗುತ್ತೀಯೆ, ನಿನಗಿಂತ ಬಲಶಾಲಿಯಾದವನ ಹಿಡಿತದಲ್ಲಿದ್ದೀಯೆ, ನೀನು ಗಾಯಕಿಯಾಗಿದ್ದರೂ ನಾನು ಒಯ್ದಲ್ಲಿಗೆ ಬರಬೇಕು, ತಿನ್ನುವುದೂ ಬಿಡುವುದೂ ನನ್ನಿಷ್ಟ, ಬಲಾಢ್ಯರಿಗೆ ಎದುರಾಗುವವನು ಮೂರ್ಖ, ಅವನಿಗೆ ಸೋಲಿನ ಜೊತೆಗೆ ನೋವೂ ತಪ್ಪದು. ಹಕ್ಕಿಗೆ ಮರುಮಾತಿಗೂ ಅವಕಾಶವಿಲ್ಲದೆ ಕಥೆ ಮುಗಿಯುತ್ತದೆ.

ತೊಡಕಿರುವುದು ಇಲ್ಲಿಯೇ. ನ್ಯಾಯಕ್ಕಾಗಿ ವಾದಿಸುತ್ತಿರುವ ಕವಿ, ಬಲವೇ ನ್ಯಾಯವೆನ್ನುವ ಗಿಡುಗಕ್ಕೆ ಕೊನೆಯ ಮಾತನ್ನು ಏಕೆ ಬಿಟ್ಟುಕೊಟ್ಟ? ಈಸೋಪನ ಕಥೆಗಳ ರೂಢಿಯಲ್ಲಿ ನಾವು ನೀತಿಯನ್ನು ಕಥೆಯ ಕೊನೆಯ ಸಾಲಿನಲ್ಲಿ ಹುಡುಕುತ್ತೇವೆ, ಅಲ್ಲಿ ಸಿಗುವುದು ಗಿಡುಗದ ನೀತಿ ಮಾತ್ರ. ಪ್ರಾಚೀನ ವಿದ್ವಾಂಸ ಅರಿಸ್ಟಾರ್ಕಸ್ ಕೂಡ, ಪ್ರಾಣಿಯ ಬಾಯಲ್ಲಿ ಸೂಕ್ತಿ ಸಲ್ಲದೆಂದು ಆ ಕೊನೆಯ ಎರಡು ಸಾಲುಗಳನ್ನು ಸಂಶಯಿಸಿದನೆಂದು ಹಳೆಯ ಟಿಪ್ಪಣಿಗಳು ತಿಳಿಸುತ್ತವೆ.

ಉತ್ತರವಿರುವುದು ಸುಮಾರು ಅರವತ್ತು ಸಾಲುಗಳ ಆಚೆ. ಕಥೆ ಮುಗಿದೊಡನೆ ಕವಿ ಪರ್ಸೆಸ್‌ನತ್ತ ತಿರುಗಿ, ನ್ಯಾಯಕ್ಕೆ ಕಿವಿಗೊಡು ಎನ್ನುತ್ತಾನೆ. ಬಳಿಕ ನ್ಯಾಯವಿರುವ ಊರು, ಇಲ್ಲದ ಊರುಗಳ ವರ್ಣನೆ ಬರುತ್ತದೆ, ಮನುಷ್ಯರ ತೀರ್ಪುಗಳನ್ನು ಗಮನಿಸುವ, ಗ್ರೀಕ್ ದೇವತೆಗಳ ಅರಸ ಸ್ಯೂಸ್‌ನ 30,000 ಅಮರ ಕಾವಲುಗಾರರು ಬರುತ್ತಾರೆ. ಅನಂತರ 276ನೆಯ ಸಾಲಿನಿಂದ ಕವಿ ಹೇಳುವುದನ್ನು ನಿಧಾನವಾಗಿ ಓದಬೇಕು: ಮೀನುಗಳು, ಮೃಗಗಳು, ರೆಕ್ಕೆಯ ಹಕ್ಕಿಗಳು ಒಂದನ್ನೊಂದು ತಿನ್ನುವುದು ಅವುಗಳ ನಡುವೆ ನ್ಯಾಯವಿಲ್ಲದ ಕಾರಣ; ಮನುಷ್ಯರಿಗಾದರೋ ಸ್ಯೂಸ್ ನ್ಯಾಯವನ್ನು ಕೊಟ್ಟಿದ್ದಾನೆ. ಅಂದರೆ ಗಿಡುಗದ ಮಾತು ಸುಳ್ಳಲ್ಲ, ಅದು ಹಕ್ಕಿಗಳ ಮಟ್ಟಿಗೆ ಪೂರ್ತಿ ನಿಜ, ಮತ್ತು ಆ ಮಾತನ್ನು ತನ್ನದಾಗಿಸಿಕೊಂಡ ಅರಸ ಮನುಷ್ಯರ ಸಾಲಿನಿಂದಲೇ ಹೊರಬಿದ್ದಿದ್ದಾನೆ. ನಮ್ಮಲ್ಲಿ ಮತ್ಸ್ಯನ್ಯಾಯ ಎಂಬ ಮಾತನ್ನು ಬಲ್ಲವರಿಗೆ ಈ ವಾದದ ಹೆಜ್ಜೆ ಅಪರಿಚಿತವಲ್ಲ: ದಂಡವಿಲ್ಲದಲ್ಲಿ ದೊಡ್ಡ ಮೀನು ಸಣ್ಣದನ್ನು ನುಂಗುತ್ತದೆ ಎಂದು ಕೌಟಿಲ್ಯನ ಅರ್ಥಶಾಸ್ತ್ರವೂ ಹೇಳುತ್ತದೆ.

ಗಿಡುಗವೆಂದರೆ ದಂಡಿಸುವ ಸ್ಯೂಸ್ ಎಂದು ಓದುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಹಕ್ಕಿಯನ್ನು ಗಾಯಕಿ ಎಂದಿರುವಾಗ, ಹಾಡುವ ಕವಿಯನ್ನು ಬಿಟ್ಟು ತಪ್ಪಿತಸ್ಥರನ್ನು ಆ ಉಗುರುಗಳಲ್ಲಿ ಕಾಣುವುದು ಕಷ್ಟ.

ಈಸೋಪನ ಸಂಗ್ರಹಗಳಲ್ಲಿ ಬರುವ ಇದೇ ಕಥೆಯಲ್ಲಿ ಅರಸರಿಲ್ಲ. ನನ್ನಿಂದ ನಿನ್ನ ಹೊಟ್ಟೆ ತುಂಬದು, ದೊಡ್ಡ ಹಕ್ಕಿಗಳನ್ನು ಹುಡುಕು ಎಂದು ನೈಟಿಂಗೇಲ್ ಬೇಡಿದರೆ, ಕೈಯಲ್ಲಿರುವ ಆಹಾರ ಬಿಟ್ಟು ಕಾಣದ್ದರ ಬೆನ್ನುಹತ್ತುವುದು ಹುಚ್ಚು ಎನ್ನುತ್ತದೆ ಗಿಡುಗ. ರಾಜಕೀಯದ ಕಥೆ ಜಾಣತನದ ಕಥೆಯಾಗಿದೆ, ಮೊನಚು ಹೋಗಿದೆ.

1679ರಲ್ಲಿ ಪ್ರಕಟವಾದ ಫ್ರೆಂಚ್ ಕವಿ ಲಾ ಫಾಂಟೇನನ ನೀತಿಕಥೆಗಳ ಒಂಬತ್ತನೆಯ ಪುಸ್ತಕದಲ್ಲಿ ಗಿಡುಗದ ಬದಲು ಹದ್ದಿದೆ. ನೈಟಿಂಗೇಲ್ ಗ್ರೀಕ್ ಪುರಾಣದ ಟೀರಿಯಸ್ ಅರಸನ ಕಥೆ ಹಾಡುತ್ತೇನೆಂದರೆ, ಅದೇನು ತಿನ್ನುವ ವಸ್ತುವೇ ಎಂದು ಹದ್ದು ಕೇಳುತ್ತದೆ. ಹಸಿದ ಹೊಟ್ಟೆಗೆ ಕಿವಿಯಿಲ್ಲ ಎಂದೂ ಹೇಳುತ್ತದೆ.

ಮಧ್ಯಯುಗದಲ್ಲಿ ರೋಮ್ಯುಲಸ್ ಹೆಸರಿನಿಂದ ಪ್ರಚಲಿತವಾಗಿದ್ದ ಲ್ಯಾಟಿನ್ ಗದ್ಯಸಂಗ್ರಹದ ಕಥೆಯಲ್ಲಿ ಅಂತ್ಯವೇ ಬೇರೆ. ಚೆನ್ನಾಗಿ ಹಾಡಿದರೆ ನಿನ್ನ ಮರಿಗಳನ್ನು ಬಿಡುತ್ತೇನೆಂದು ನೈಟಿಂಗೇಲ್‌ಗೆ ಹೇಳಿದ ಗಿಡುಗ, ತಾಯಿ ನಡುಗುತ್ತ ಹಾಡಿದ ಮೇಲೂ ಹಾಡು ಸರಿಯಿಲ್ಲವೆಂದು ಮರಿಯನ್ನು ತಿನ್ನುತ್ತದೆ. ಅಷ್ಟರಲ್ಲಿ ಬೇಡನೊಬ್ಬ ಅಂಟು ಬಳಿದ ಕೋಲನ್ನು ಮೆಲ್ಲನೆ ಮೇಲೆತ್ತಿ ಗಿಡುಗವನ್ನು ಹಿಡಿಯುತ್ತಾನೆ. ಹೆಸಿಯೊಡ್ ಸ್ಯೂಸ್‌ಗೆ ಒಪ್ಪಿಸಿದ್ದ ಶಿಕ್ಷೆಯನ್ನು ಇಲ್ಲಿ ಕಥೆಯೊಳಗೇ ಒಬ್ಬ ಬೇಡ ಪೂರೈಸಿದ್ದಾನೆ.