ಇಂಗ್ಲೆಂಡಿನ ಡ್ಯೂಕ್‌ಗಳೂ ಪಟ್ಟದ ಗಲಾಟೆಯೂ

ಇಂಗ್ಲೆಂಡಿನ ಇತಿಹಾಸ ಓದುವಾಗ ಈ ಡ್ಯೂಕ್‌ಗಳ ಕಾಟ ಜಾಸ್ತಿ. ಒಬ್ಬನ ಹೆಸರು ನೆನಪಿಟ್ಟುಕೊಳ್ಳುವಷ್ಟರಲ್ಲಿ ಅವನ ತಲೆ ಹೋಗಿರುತ್ತದೆ, ಅದೇ ಬಿರುದು ಇನ್ಯಾರಿಗೋ ಸಿಕ್ಕಿರುತ್ತದೆ. ರಾಜಮನೆತನದ ಆಚೆಯವರಿಗೆ ಸಿಗಬಹುದಾದ ಅತಿ ದೊಡ್ಡ ಬಿರುದು ಅದು. ಸಿಂಹಾಸನಕ್ಕೆ ಅಷ್ಟು ಹತ್ತಿರ ಕೂತವನ ಮೇಲೆ ಎಲ್ಲರ ಕಣ್ಣೂ ಇರುತ್ತದೆ ಅಲ್ವಾ?

ಟ್ಯೂಡರ್ ರಾಜಮನೆತನದ ಕಾಲವನ್ನು ಬೇಗ ದಾಟೋಣ. ಮೈಯಲ್ಲಿ ಹಳೇ ರಾಜರ ರಕ್ತವಿದ್ದ ಬಕಿಂಗ್‌ಹ್ಯಾಮ್ ಡ್ಯೂಕ್ 1521ರಲ್ಲಿ ತಲೆ ಕಳೆದುಕೊಂಡ. ಎಂಟನೇ ಹೆನ್ರಿ, ಮದುವೆಯಾಚೆ ಹುಟ್ಟಿದ ಮಗನನ್ನು 1525ರಲ್ಲಿ ರಿಚ್ಮಂಡ್ ಡ್ಯೂಕ್ ಮಾಡಿದ; ಹುಡುಗ 17ಕ್ಕೇ ತೀರಿಕೊಂಡ. 1553ರಲ್ಲಿ ನಾರ್ತಂಬರ್‌ಲ್ಯಾಂಡ್ ಡ್ಯೂಕ್ ಸೊಸೆ ಜೇನ್ ಗ್ರೇಯನ್ನು ಪಟ್ಟಕ್ಕೆ ಕೂರಿಸಿದ. ಒಂಬತ್ತೇ ದಿನ, ಆಮೇಲೆ ಮಾವನಿಗೂ ಕೊಡಲಿ ಏಟು, ಸೊಸೆಗೂ ಕೊಡಲಿ ಏಟು. ರಾಣಿ ಎಲಿಜಬೆತ್‌ಳ ಪಟ್ಟಕ್ಕೆ ಹಕ್ಕುದಾರಳಾಗಿದ್ದ ಸ್ಕಾಟ್ಲೆಂಡಿನ ಮೇರಿಯನ್ನು ಮದುವೆಯಾಗಲು ಹೊರಟ ನಾರ್ಫೋಕ್ ಡ್ಯೂಕ್‌ನ ತಲೆ 1572ರಲ್ಲಿ ಹೋಯಿತು. ಅಲ್ಲಿಂದ ಎಲಿಜಬೆತ್ ಸಾಯುವವರೆಗೆ ದೇಶದಲ್ಲಿ ಒಬ್ಬ ಡ್ಯೂಕೂ ಇರಲಿಲ್ಲ.

ನಿಜವಾದ ಗೋಜಲು ಶುರುವಾಗುವುದು ಎರಡನೇ ಚಾರ್ಲ್ಸ್ ಕಾಲದಲ್ಲಿ. ಅವನಿಗೆ ಬೇರೆ ಹೆಂಗಸರಲ್ಲಿ ಮಕ್ಕಳು ಬೇಕಾದಷ್ಟು, ಕೈಹಿಡಿದ ರಾಣಿಯಲ್ಲಿ ಒಂದೂ ಇಲ್ಲ. ಹಾಗಾಗಿ ಮುಂದಿನ ರಾಜ ತಮ್ಮನಾದ ಯಾರ್ಕ್ ಡ್ಯೂಕ್ ಜೇಮ್ಸ್. ಆದರೆ ಅವನು ಕ್ಯಾಥೊಲಿಕ್, ಅಂದರೆ ಪೋಪ್‌ನನ್ನು ಒಪ್ಪುವ ಕ್ರೈಸ್ತ, ಆಗಿದ್ದಾನೆ ಅನ್ನುವುದು 1673ರಲ್ಲಿ ಬಯಲಾಯಿತು. ಪೋಪ್‌ನನ್ನು ಒಪ್ಪದ ಪ್ರಾಟೆಸ್ಟಂಟ್ ದೇಶಕ್ಕೆ ಕ್ಯಾಥೊಲಿಕ್ ರಾಜನೇ? 1679ರಿಂದ 81ರವರೆಗೆ ಪಾರ್ಲಿಮೆಂಟು ಅವನನ್ನು ಹೊರಗಿಡುವ ಮಸೂದೆ ತರುವುದು, ರಾಜ ಪಾರ್ಲಿಮೆಂಟನ್ನೇ ವಿಸರ್ಜಿಸುವುದು, ಹೀಗೇ ನಡೆಯಿತು.

ಆಗ ಕೆಲವರ ಕಣ್ಣು ಬಿದ್ದದ್ದು ಚಾರ್ಲ್ಸ್‌ನ ದೊಡ್ಡ ಮಗ ಮನ್ಮತ್ ಡ್ಯೂಕ್ ಮೇಲೆ. ನೋಡಲು ಚೆಲುವ, ಸೈನಿಕ, ಪ್ರಾಟೆಸ್ಟಂಟ್. ತೊಡಕು ಒಂದೇ: ಅಪ್ಪ ಅಮ್ಮನಿಗೆ ಮದುವೆಯಾಗಿರಲಿಲ್ಲ. ಆಗಿತ್ತು, ಅದರ ಪತ್ರ ಒಂದು ಕಪ್ಪು ಪೆಟ್ಟಿಗೆಯಲ್ಲಿದೆ ಅಂತ ಸುದ್ದಿ ಹಬ್ಬಿತು. ಪೆಟ್ಟಿಗೆ ಯಾರಿಗೂ ಸಿಗಲಿಲ್ಲ. ರಾಣಿಯನ್ನು ಬಿಟ್ಟು ನಾನು ಯಾರನ್ನೂ ಮದುವೆಯಾಗಿಲ್ಲ ಅಂತ ಚಾರ್ಲ್ಸ್ ಬರೆದೇ ಪ್ರಕಟಿಸಿದ. ನಂಬಬೇಕು ಅಂದುಕೊಂಡವರು ಆದರೂ ನಂಬಿದರು.

1685ರಲ್ಲಿ ಚಾರ್ಲ್ಸ್ ಸತ್ತ, ಜೇಮ್ಸ್ ರಾಜನಾದ. ಜೂನ್ 11ರಂದು ಮನ್ಮತ್ ಪಟ್ಟ ಕಸಿಯಲು 82 ಜನರ ಜೊತೆ ನೈಋತ್ಯ ಕರಾವಳಿಯ ಲೈಮ್ ರೀಜಿಸ್‌ನಲ್ಲಿ ಹಡಗಿನಿಂದ ಇಳಿದ. ಟಾಂಟನ್‌ನಲ್ಲಿ ಶಾಲೆಯ ಹುಡುಗಿಯರು ತಾವೇ ಹೊಲಿದ ಬಾವುಟ ಕೊಟ್ಟರು, ಅಲ್ಲೇ ತಾನು ರಾಜ ಅಂತ ಸಾರಿಕೊಂಡ. ಸೇರಿದವರು ನೇಕಾರರು, ರೈತರು. ಕೆಲವರ ಕೈಯಲ್ಲಿ ಆಯುಧ ಅಂತ ಇದ್ದದ್ದು ಹುಲ್ಲು ಕೊಯ್ಯುವ ಕತ್ತಿ. ದೊಡ್ಡವರು ಮನೆಯಲ್ಲೇ ಉಳಿದರು. ಜುಲೈ 5ರ ರಾತ್ರಿ ಸೆಡ್ಜ್‌ಮೂರ್‌ನಲ್ಲಿ ರಾಜನ ಸೈನ್ಯದ ಮೇಲೆ ಸದ್ದಿಲ್ಲದೆ ನುಗ್ಗಲು ಹೋದವರು ಕತ್ತಲಲ್ಲಿ ಕಾಲುವೆ ದಾಟುವ ಜಾಗ ಕಾಣದೆ ಸಿಕ್ಕಿಬಿದ್ದರು. ಡ್ಯೂಕ್ ಒಂದು ಹಳ್ಳದಲ್ಲಿ ಅಡಗಿ ಸಿಕ್ಕ, ಬಡ ಹಳ್ಳಿಗನ ಬಟ್ಟೆಯಲ್ಲಿ, ಜೇಬಿನಲ್ಲಿ ಹಸಿ ಬಟಾಣಿ. ಲಂಡನ್ನಿನಲ್ಲಿ ತಲೆ ಕಡಿಯುವ ಜಾಗವಾದ ಟವರ್ ಹಿಲ್‌ನಲ್ಲಿ ಕೊಡಲಿಯ ಅಂಚು ಮುಟ್ಟಿ ನೋಡಿ, ಇದು ಹರಿತ ಸಾಲದು ಅಂದನಂತೆ. ಅವನ ಅನುಮಾನ ಸರಿಯಾಗಿತ್ತು: ಹಲವು ಏಟು ಬಿದ್ದರೂ ಆಗದೆ ಕೊನೆಗೆ ಚಾಕು ಹಿಡಿಯಬೇಕಾಯಿತು. ಹಿಂದೆ ಬಂದವರಲ್ಲಿ ನೂರಾರು ಜನ ಗಲ್ಲಿಗೆ ಹೋದರು, ನೂರಾರು ಜನರನ್ನು ವೆಸ್ಟ್ ಇಂಡೀಸ್‌ಗೆ ಸಾಗಿಸಿದರು. ಬಾವುಟ ಹೊಲಿದ ಹುಡುಗಿಯರ ಮನೆಯವರಿಂದಲೂ ಕ್ಷಮೆಗಾಗಿ ದುಡ್ಡು ಕೇಳಿದರು.

ಮೂರೇ ವರ್ಷಕ್ಕೆ, 1688ರಲ್ಲಿ, ಜೇಮ್ಸ್‌ನ ಅಳಿಯ ವಿಲಿಯಂ ದೊಡ್ಡ ಸೈನ್ಯದ ಜೊತೆ ಅದೇ ಕರಾವಳಿಯ ಟಾರ್‌ಬೇಗೆ ಬಂದ. ಈ ಸಲ ದೊಡ್ಡವರೇ ಕಾಗದ ಬರೆದು ಕರೆಸಿದ್ದರು. ಜೇಮ್ಸ್ ಓಡಿಹೋದ, ಪ್ರಾಟೆಸ್ಟಂಟ್ ವಿಲಿಯಂ ರಾಜನಾದ. 1701ರ ಕಾನೂನು ಕ್ಯಾಥೊಲಿಕರಿಗೂ ಅವರನ್ನು ಮದುವೆಯಾದವರಿಗೂ ಪಟ್ಟವಿಲ್ಲ ಅಂದಿತು. ರಾಜ ರಾಣಿಯರು ಕ್ಯಾಥೊಲಿಕರನ್ನು ಮದುವೆಯಾಗಬಹುದು ಅಂತ ತಿದ್ದಿದ್ದು 2013ರಲ್ಲಿ. ತಾವೇ ಕ್ಯಾಥೊಲಿಕ್ ಆಗುವ ಹಾಗೆ ಮಾತ್ರ ಇನ್ನೂ ಇಲ್ಲ.